ಗಂಟೆ ಕದ್ದ ಕೈ

ಮುಖ ಬರೆದಿರಲಿಲ್ಲ, ಕೈ ಮಾತ್ರ ಬರೆದಿದ್ದೆ. ಮೇಲಕ್ಕೆ ಮಡಿಸಿದ ಅಂಗಿಯ ತೋಳು, ಹಗ್ಗ ಬಿಚ್ಚುತ್ತಿರುವ ಬೆರಳುಗಳು, ಹಿಂದೆಲ್ಲ ಕಪ್ಪು. ಅಷ್ಟೇ. ಮೊಬೈಲಿನಲ್ಲಿ ಬೆರಳಿಟ್ಟು ಸರಿಸಿದರೆ ಒಂದು ಉಸಿರಿನಲ್ಲಿ ದಾಟಿಹೋಗುವ ಕಾಮಿಕ್ ಚೌಕ. ಅದೊಂದು ಚೌಕದಿಂದ ನಮ್ಮ ಇಡೀ ರಸ್ತೆ ಒಬ್ಬ ಮನುಷ್ಯನನ್ನು ಓರೆಗಣ್ಣಿನಿಂದ ನೋಡಲು ಶುರು ಮಾಡುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ಯಶವಂತಪುರದ ಮಾರುಕಟ್ಟೆ ಯಾರ್ಡಿನ ಹಿಂದಿನ ರಸ್ತೆಯಲ್ಲಿ ನನ್ನ ಅಂಗಡಿ. ಬೋರ್ಡು, ಸ್ಟಿಕರು, ಅಂಗಡಿ ಗಾಜಿನ ಮೇಲೆ ಅಕ್ಷರ, ಇದು ನನ್ನ ಕೆಲಸ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಟ್ಯಾಬ್ ಹಿಡಿದು ಕೂತು ವೆಬ್‌ಕಾಮಿಕ್ ಬರೆಯುತ್ತಿದ್ದೆ, ವಾರಕ್ಕೊಂದು ಕಂತು. ಶಾಲೆ ಬೇಗ ಬಿಟ್ಟವನು ನಾನು. ಆದರೆ ಕಥೆ ನನ್ನದು, ಚಿತ್ರ ನನ್ನದು, ಮಾತಿನ ಗುಳ್ಳೆಯೊಳಗಿನ ಅಕ್ಷರ ಕೂಡ ಕಂಪ್ಯೂಟರಿನದಲ್ಲ, ನನ್ನ ಕೈಯದ್ದೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ.

ಕಥೆ ಇಷ್ಟು. ಒಂದು ಮಂಡಿ. ಹರಾಜು ಶುರುವಾಗುವ ಮುಂಚೆ ಬಾರಿಸುವ ದೊಡ್ಡ ಹಿತ್ತಾಳೆ ಗಂಟೆ. ಒಂದು ಬೆಳಿಗ್ಗೆ ನೋಡಿದರೆ ಗಂಟೆ ಇಲ್ಲ, ಹಗ್ಗ ಮಾತ್ರ ನೇತಾಡುತ್ತಿದೆ. ಅನುಮಾನ ಐದು ಜನರ ಮೇಲೆ: ವಾಚ್‌ಮನ್, ಲಾರಿ ಡ್ರೈವರ್, ಗುಮಾಸ್ತ, ಚಹಾದವನು, ಮತ್ತೆ ಹರಾಜು ಕೂಗುವ ಮುದುಕ. ಕದ್ದವನು ಮುದುಕ. ಮೊದಲನೇ ಕಂತಿಗೆ ಗೆರೆ ಎಳೆಯುವ ಮುಂಚೆಯೇ ಇದು ನನಗೆ ಗೊತ್ತಿತ್ತು. ಗಂಟೆ ತೆಗೆದು ಸೈರನ್ ಹಾಕುತ್ತಾರೆ, ಗಂಟೆ ಗುಜರಿಗೆ ಹೋಗುತ್ತದೆ ಎಂದು ತಿಳಿದು, ಜೀವಮಾನವೆಲ್ಲ ಅದನ್ನು ಬಾರಿಸಿದವನು ತಾನೇ ಬಿಚ್ಚಿಕೊಂಡು ಹೋಗಿರುತ್ತಾನೆ.

ನಾನು ಮನುಷ್ಯರನ್ನು ತಲೆಯಿಂದ ಬರೆಯುವುದಿಲ್ಲ. ಅಂಗಡಿ ಬಾಗಿಲಲ್ಲಿ ಕೂತು ಎದುರಿಗೆ ಓಡಾಡುವವರ ನಿಲುವು, ನಡಿಗೆ, ಬೀಡಿ ಹಚ್ಚುವ ರೀತಿ ಎತ್ತಿಕೊಳ್ಳುತ್ತೇನೆ. ಎದುರಿಗೇ ಟೀ ಅಂಗಡಿ. ಅದರ ಮಾಲೀಕರನ್ನು ರಸ್ತೆಯವರೆಲ್ಲ ಭಾಯ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಕಾಮಿಕ್ಕಿನ ಚಹಾದವನಿಗೆ ಅವರ ಮುಖ ಇಡಲಿಲ್ಲ, ಗಡ್ಡ ತೆಗೆದೆ, ವಯಸ್ಸು ಇಳಿಸಿದೆ. ಆದರೆ ಎಡಗೈಯಲ್ಲಿ ಕೆಟಲ್ ಎತ್ತಿ, ಬಲಗೈಯ ಗ್ಲಾಸಿಗೆ ಒಂದು ಮೊಳ ಎತ್ತರದಿಂದ ಒಂದು ಹನಿಯೂ ಆಚೆ ಬೀಳದಂತೆ ಸುರಿಯುವ ಅವರ ಚಂದವನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಅದನ್ನು ಹಾಗೇ ಇಟ್ಟೆ.

ಅವರ ಅಂಗಡಿಯ ಹಿಂದಿನ ಹಲಗೆಗೆ ಸಾಲಾಗಿ ಮೊಳೆ ಹೊಡೆದಿದೆ. ರಸ್ತೆಯ ಅಂಗಡಿಯವರು ಊಟಕ್ಕೆ, ಬ್ಯಾಂಕಿಗೆ, ಆಸ್ಪತ್ರೆಗೆ ಹೋಗುವಾಗ ಬೀಗದ ಕೈಯನ್ನು ಅವರ ಹತ್ತಿರ ಕೊಟ್ಟು ಹೋಗುವುದು ಮೊದಲಿನಿಂದ ಬಂದ ರೂಢಿ. ಗೋಡೌನಿನ ಯಜಮಾನರು ತಮ್ಮ ಗೋಡೆಗೆ ಒರಗಿಸಿ ಅಂಗಡಿ ಇಡಲು ಬಿಟ್ಟಿದ್ದೂ ಅದಕ್ಕೇ, ಒಬ್ಬ ನಂಬಿಕಸ್ಥ ಕಣ್ಣೆದುರಿಗೆ ಇರಲಿ ಅಂತ. ಮಧ್ಯಾಹ್ನದ ಹೊತ್ತಿಗೆ ಆ ಹಲಗೆ ಬೀಗದ ಕೈಗಳಿಂದ ತುಂಬಿಹೋಗಿರುತ್ತಿತ್ತು.

ಈಗ ಆ ಚೌಕದ ವಿಷಯ ಬಿಡಿಸಿ ಹೇಳಬೇಕು. ಕಳ್ಳನ ಕೈ ಬರೆಯಲು ನನ್ನದೇ ಬಲಗೈಯ ಫೋಟೋ ತೆಗೆಸಿಕೊಂಡೆ. ಅಬ್ಬಿಗೆರೆಯ ನಮ್ಮ ಮನೆಯ ಮಹಡಿ ಮೇಲೆ ಬಟ್ಟೆ ಹಗ್ಗ ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ. ಹೆಂಡತಿ ಫೋನ್ ಹಿಡಿದು ನಿಂತಿದ್ದಳು.

"ಕಳ್ಳತನಾನೂ ಎಷ್ಟ್ ನಾಜೂಕಾಗ್ ಮಾಡ್ತೀರ್ರೀ. ಬೇಗ ಮುಗ್ಸಿ, ಬಟ್ಟೆ ಒಣಗ್ಬೇಕು" ಅಂದಳು.

ಚಿತ್ರ ಮುಗಿದಾಗ ಕೈ ಚೌಕದ ಬಲಮೂಲೆಯಲ್ಲಿತ್ತು. ಅದು ನನಗೆ ಸರಿಬರಲಿಲ್ಲ. ಫೋನಿನಲ್ಲಿ ಓದುವವರು ಸಾಮಾನ್ಯವಾಗಿ ಬಲಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಸರಿಸುತ್ತಾರೆ. ಪರದೆಯ ಕೆಳಗಿನ ಬಲಮೂಲೆ ಆ ಹೆಬ್ಬೆರಳಿನ ಅಡಿಗೆ ಹೋಗುತ್ತದೆ. ಮೆಟ್ರೋದಲ್ಲಿ ಜನ ಓದುವುದನ್ನು ನಿಂತು ನೋಡಿ ಕಲಿತ ಪಾಠ ಇದು. ಮುಖ್ಯವಾದದ್ದು ಎಡಗಡೆ ಇರಬೇಕು. ಹಾಗಾಗಿ ಇಡೀ ಚೌಕವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದೆ. ಟ್ಯಾಬಿನಲ್ಲಿ ಅದಕ್ಕೊಂದು ಬಟನ್ ಇದೆ, ಒತ್ತಿದರೆ ಮುಗಿಯಿತು.

ಬೇರೆ ಚಿತ್ರಗಾರನಾಗಿದ್ದರೆ ಕಣ್ಣಿಗೆ ಏನೋ ಚುಚ್ಚುತ್ತಿತ್ತು. ನನಗೆ ಚುಚ್ಚಲಿಲ್ಲ. ಗಾಜಿಗೆ ಒಳಗಡೆಯಿಂದ ಬಣ್ಣ ಹಚ್ಚುವವನು ನಾನು. ರಸ್ತೆಯಲ್ಲಿ ನಿಂತವರಿಗೆ ನೆಟ್ಟಗೆ ಕಾಣಬೇಕಾದರೆ ಒಳಗೆ ಕೂತವನು ಉಲ್ಟಾ ಬರೆಯಬೇಕು. ಮೆಡಿಕಲ್ ಸ್ಟೋರಿನ ಹೆಸರನ್ನು ಹಿಂದುಮುಂದಾಗಿ, ಒತ್ತಕ್ಷರ ಸಮೇತ, ಪೆನ್ಸಿಲ್ ಗೆರೆಯಿಲ್ಲದೆ ಬರೆಯಬಲ್ಲೆ. ಈ ಭಾಗದಲ್ಲಿ ಅದು ಬರುವವರು ಈಗ ಹೆಚ್ಚು ಜನ ಇಲ್ಲ. ವರ್ಷಗಟ್ಟಲೆ ಹಾಗೆ ಬರೆದ ಕಣ್ಣಿಗೆ ನೆಟ್ಟಗಿರುವುದೂ ಉಲ್ಟಾ ಇರುವುದೂ ಒಂದೇ ಥರ ಕಾಣತೊಡಗುತ್ತದೆ. ಬಲಗೈ ಎಡಗೈ ಆಗಿದ್ದು ನನಗೆ ಕಾಣಲೇ ಇಲ್ಲ. ಕಂತು ಹಾಕಿಬಿಟ್ಟೆ.

ಸಹಕಾರನಗರದ ಓದುಗರೊಬ್ಬರಿದ್ದರು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಹೆಂಗಸು ಎಂದು ತಾವೇ ಬರೆದುಕೊಂಡಿದ್ದರು. ಪ್ರತಿ ಕಂತಿನ ಕೆಳಗೂ ಅವರದ್ದೇ ಮೊದಲ ಕಾಮೆಂಟು. ಈ ಸಲ ಹೀಗಿತ್ತು: "ಎಡಗೈ! ಈ ಮಂಡಿಯಲ್ಲಿ ಎಡಗೈಯವರು ಒಬ್ಬರೇ ಇರುವುದು. ಚಹಾ ಸುರಿಯುವ ಕಂತನ್ನು ಇನ್ನೊಮ್ಮೆ ನೋಡಿ."

ಓದಿ ಮೊದಲು ನಕ್ಕೆ. ಆಮೇಲೆ ಕಂತು ತೆಗೆದು ನೋಡಿದೆ. ಹೌದು, ಎಡಗೈಯೇ.

ತಪ್ಪಾಗಿದೆ ಎಂದು ಅಲ್ಲೇ ಒಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಅಷ್ಟು ಓದುಗರು ಹಿಂದೆಂದೂ ಬಂದಿರಲಿಲ್ಲ. ಕಾಲೇಜು ಓದುವ ಹುಡುಗ ಹುಡುಗಿಯರು ನನ್ನ ಚೌಕವನ್ನು ದೊಡ್ಡದು ಮಾಡಿ, ಹೆಬ್ಬೆರಳು ಯಾವ ಕಡೆಗಿದೆ ಎಂದು ಚರ್ಚೆ ಮಾಡುತ್ತಿದ್ದರು. ಎಂಥಾ ಸೂಕ್ಷ್ಮ, ಎಂಥಾ ಸುಳಿವು ಎಂದು ಹೊಗಳುತ್ತಿದ್ದರು. ಅಂಥವರ ಮುಂದೆ ಹೋಗಿ ನಿಂತು, ಸುಳಿವೂ ಇಲ್ಲ ಏನೂ ಇಲ್ಲ, ಬಟನ್ ಒತ್ತಿಬಿಟ್ಟೆ ಅನ್ನಲು ನನಗೆ ನಾಲಿಗೆ ಏಳಲಿಲ್ಲ.

ಕಾಮಿಕ್ ನಮ್ಮ ರಸ್ತೆಯಲ್ಲೂ ಓಡುತ್ತಿತ್ತು. ಮೂಟೆ ಹೊರುವ ಹಮಾಲಿಗಳು ಟೀಗೆ ಬಂದಾಗ ಒಬ್ಬನ ಫೋನಿಗೆ ನಾಲ್ಕು ಜನ ಬಗ್ಗಿರುತ್ತಿದ್ದರು.

"ಏನ್ ಭಾಯ್, ಗಂಟೆ ಎಲ್ಲಿಟ್ಟಿದೀರಾ?" ಎಂದು ಒಬ್ಬ ಕೂಗಿದ.

"ಕೆಟ್ಲಲ್ಲಿದೆ ಮಗಾ. ಕುಡಿ, ಹೊಟ್ಟೇಲ್ ಬಾರಿಸ್ತದೆ" ಎಂದರು ಭಾಯ್.

"ನೋಡ್ರೋ, ಅದೇ ಎಡಗೈ ಕಣ್ರೋ! ಸುರಿಯೋ ಸ್ಟೈಲ್ ನೋಡು ಗುರು."

ಎಲ್ಲರೂ ನಕ್ಕರು. ಭಾಯ್ ಕೂಡ. ನಾನೂ ನನ್ನ ಬಾಗಿಲಲ್ಲಿ ಕೂತು ನಕ್ಕೆ.

ನಗು ಎಲ್ಲಿ ನಿಂತಿತು, ಬೇರೆಯದು ಎಲ್ಲಿ ಶುರುವಾಯಿತು ಎಂದು ನನಗೆ ಗೆರೆ ಎಳೆದು ತೋರಿಸಲಾಗುವುದಿಲ್ಲ. ರಸ್ತೆಯಲ್ಲಿ ಒಂದು ಸೂಜಿಯೂ ಕಳವಾಗಿರಲಿಲ್ಲ. ಆದರೂ ಮೂಲೆಯ ಸ್ಪೇರ್ ಪಾರ್ಟ್ಸ್ ಅಂಗಡಿಯವನು ಒಂದು ಮಧ್ಯಾಹ್ನ ಭಾಯ್ ಮುಂದೆ ಬೀಗದ ಕೈ ಚಾಚಿದವನು ಹಾಗೇ ಹಿಂದಕ್ಕೆ ಎಳೆದುಕೊಂಡ. "ಇರ್ಲಿ ಭಾಯ್, ಬೇಗ ಬಂದ್ಬಿಡ್ತೀನಿ. ಜೇಬಲ್ಲೇ ಇರ್ಲಿ" ಅಂದ. ಮಾರನೆಯ ದಿನ ಅವನ ಪಕ್ಕದವನೂ ಅದನ್ನೇ ಅಂದ. ಗೋಡೌನಿನ ಯಜಮಾನರು ಒಂದು ಸಂಜೆ ಬಂದು ಗೋಡೆ ನೋಡಿ, ಸುಣ್ಣ ಹೊಡೆಸಬೇಕು, ಸ್ವಲ್ಪ ದಿನ ಅಂಗಡಿ ಆಚೆ ಸರಿಸೋಕಾಗುತ್ತಾ ಎಂದು ಕೇಳಿ ಹೋದರು. ಆ ಗೋಡೆಗೆ ಯಾರೂ ಸುಣ್ಣ ಹೊಡೆಸಿದ್ದು ನಾನಂತೂ ನೋಡಿಲ್ಲ.

ಆಗ ನಾನು ಒಂದು ಜಾಣತನ ಮಾಡಿದೆ. ಬೆಳಿಗ್ಗೆ ಅಂಗಡಿ ತೆಗೆದವನೇ ಆ ಚೌಕವನ್ನು ಮತ್ತೆ ತಿರುಗಿಸಿ, ಕೈಯನ್ನು ಬಲಗೈ ಮಾಡಿ, ಯಾರಿಗೂ ಹೇಳದೆ ಹಳೆಯದರ ಜಾಗದಲ್ಲಿ ಕೂರಿಸಿದೆ. ಇನ್ನು ಹೊಸದಾಗಿ ಓದುವವರಿಗೆ ತೊಂದರೆಯಿಲ್ಲ, ಹಳಬರು ಯಾರು ತಿರುಗಿ ನೋಡುತ್ತಾರೆ ಅಂದುಕೊಂಡೆ.

ಮಧ್ಯಾಹ್ನದೊಳಗೆ ಯಾರೋ ಹಳೆಯ ಚೌಕದ ಸ್ಕ್ರೀನ್‌ಶಾಟನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಹಾಕಿದ್ದರು. "ಸುಳಿವು ಮುಚ್ಚಿಹಾಕುತ್ತಿದ್ದಾರೆ. ಅಂದರೆ ಎಡಗೈ ನಿಜ, ಚಹಾದವನೇ ಕಳ್ಳ. ನಮಗೆ ಗೊತ್ತಾಯಿತೆಂದು ಲೇಖಕರಿಗೆ ಹೆದರಿಕೆ." ಅದರ ಕೆಳಗೆ ನಗುವ ಮುಖಗಳ ಸಾಲು. ತಪ್ಪು ತಿದ್ದಲು ಹೋಗಿ ಅದಕ್ಕೆ ಸಾಕ್ಷಿ ಒದಗಿಸಿದ ಹಾಗಾಯಿತು.

ನಿಲ್ಲಿಸಿಬಿಟ್ಟೆ. ಮುಂದಿನ ಕಂತು ತಡವಾಗುತ್ತದೆ ಎಂದು ಒಂದು ಸಾಲು ಹಾಕಿದೆ, ಆಮೇಲೆ ಅದನ್ನೂ ಹಾಕಲಿಲ್ಲ. ಟ್ಯಾಬನ್ನು ಸ್ಟಿಕರ್ ರೋಲುಗಳ ಹಿಂದೆ ಇಟ್ಟೆ. ವಾರಗಳು ಹೋದವು. ಓದುಗರು ಒಂದೊಂದೇ ಮಾತು ಶುರು ಮಾಡಿದರು. ಇವನಿಗೆ ಕೊನೆಯೇ ಗೊತ್ತಿಲ್ಲ. ಸಿನಿಮಾದವರಿಗೆ ಕಥೆ ಮಾರಿಕೊಂಡಿದ್ದಾನೆ. ನೆಟ್‌ನಲ್ಲಿ ಕಾಮಿಕ್ ಮಾಡುವವರೆಲ್ಲ ಹೀಗೇ, ಹುಚ್ಚು ಹಿಡಿಸಿ ಅರ್ಧಕ್ಕೆ ಬಿಟ್ಟು ಓಡುತ್ತಾರೆ. ಓದಿ ಓದಿ ನನಗೂ ತಲೆ ಕೆಟ್ಟಿತು. ಪುಕ್ಕಟೆ ಓದುವವರಿಗೆ ನಾನೇನು ಬಾಕಿ ಇದ್ದೇನೆ? ಬೋರ್ಡು ಬರೆಸಿದವನು ಕೇಳಿದರೆ ಅದು ಸರಿ. ಇವರು ಯಾರು ಕೇಳೋಕೆ? ಅಷ್ಟಕ್ಕೂ ಆ ಸಹಕಾರನಗರದ ಹೆಂಗಸು ನಿಜವಾಗಿ ಹೆಂಗಸೋ ಅಲ್ಲವೋ. ಬೇರೆ ಕಾಮಿಕ್ ಮಾಡುವವರು ಯಾರೋ ನನ್ನನ್ನು ಹಾಳು ಮಾಡಲು ಆ ಹೆಸರಿನಲ್ಲಿ ಕೂತಿರಬಹುದಲ್ಲ?

ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಕೊಡೆ ಹಿಡಿದ ಹೆಂಗಸೊಬ್ಬರು ಅಂಗಡಿಗೆ ಬಂದರು. ಮನೆಗೆ ನೇಮ್ ಪ್ಲೇಟ್ ಬೇಕು ಅಂದರು. ಮಾದರಿಗೆಂದು ಗೋಡೆಗೆ ಹಾಕಿರುವ ಅಕ್ಷರಗಳನ್ನು ನೋಡುತ್ತಾ ನಿಂತು, "ಈ 'ಳ' ನಂಗೆ ಚೆನ್ನಾಗಿ ಗೊತ್ತು" ಅಂದರು.

ನಾನು ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟೆ.

"ಸ್ಟೇಷನ್ ಕಡೆ ಬಂದಿದ್ದೆ. ಮೆಡಿಕಲ್ ಶಾಪ್ ಗಾಜಿನ್ ಮೇಲೆ ಇದೇ ಬಾಲದ 'ಳ' ಇತ್ತು. ಯಾರ್ ಬರ್ದಿದ್ದು ಅಂತ ಅಲ್ಲೇ ಕೇಳ್ದೆ. ನಾನು ಸಹಕಾರನಗರದವಳು. ಕಾಮೆಂಟ್ ಹಾಕ್ತೀನಲ್ಲ, ಅವಳೇ. ಯಾಕ್ರೀ ನಿಲ್ಸಿದ್ರಿ?"

"ಕೆಲಸ ಜಾಸ್ತಿ ಮೇಡಂ."

"ಕೆಲಸ ಇರೋರು ಹಳೇ ಚಿತ್ರ ತಿರುಗಿಸ್ಕೊಂಡು ಕೂತ್ಕೊಳಲ್ಲ."

"ನೀವೇನು ದುಡ್ಡು ಕೊಟ್ಟು ಓದ್ತಿದೀರಾ ಮೇಡಂ?" ಬಾಯಿ ಜಾರಿತು.

ಅವರಿಗೆ ಸಿಟ್ಟು ಬರಲಿಲ್ಲ. ಕೊಡೆಯನ್ನು ಮಡಿಸಿ ಕೌಂಟರಿನ ಮೇಲಿಟ್ಟರು. "ಇಲ್ಲಪ್ಪಾ, ಒಂದ್ ಪೈಸೆ ಕೊಟ್ಟಿಲ್ಲ. ಆದ್ರೆ ಐದು ಜನರ ಮೇಲೆ ಅನುಮಾನ ಪಡಿ ಅಂತ ನೀವೇ ಹೇಳಿಕೊಟ್ರಿ. ನಾನೂ ಪಟ್ಟೆ. ಅದ್ರಲ್ಲಿ ನಾಲ್ಕು ಜನ ಏನೂ ಮಾಡಿಲ್ಲ, ಅಲ್ವಾ? ಆ ನಾಲ್ಕು ಅನುಮಾನ ನನ್ನ ಹತ್ರ ಹಂಗೇ ಕೂತಿದೆ ಕಣ್ರೀ. ಕೊಟ್ಟೋರು ನೀವು, ವಾಪಸ್ ತಗೊಳ್ಳೋರೂ ನೀವೇ ಆಗ್ಬೇಕು. ಅದು ನನ್ ಕೈಲಾಗಲ್ಲ."

ನಾನು ನೇಮ್ ಪ್ಲೇಟಿನ ಅಳತೆ ಕೇಳಿದೆ. ಅವರು ನನ್ನ ಮಾತು ಕೇಳುತ್ತಿರಲಿಲ್ಲ, ರಸ್ತೆಯಾಚೆ ನೋಡುತ್ತಿದ್ದರು.

"ಅವ್ರು ಎಡಗೈಯವ್ರಾ?"

"ಯಾಕೆ?"

"ಬಲಗೈಲಿ ಸುರಿಯೋಕ್ ಹೋಗಿ ಚೆಲ್ತಿದಾರೆ, ಪಾಪ."

ತಿರುಗಿ ನೋಡಿದೆ. ಭಾಯ್ ಕೆಟಲನ್ನು ಬಲಗೈಯಲ್ಲಿ ಹಿಡಿದಿದ್ದರು. ಗ್ಲಾಸಿನ ಬಾಯಿಗೇ ತಾಗಿಸಿ, ಮಗು ನೀರು ಬಗ್ಗಿಸುವ ಹಾಗೆ ಬಗ್ಗಿಸುತ್ತಿದ್ದರು. ಹಲಗೆಯ ಮೇಲೆಲ್ಲ ಟೀ. ಗಿರಾಕಿ ತನ್ನ ಗ್ಲಾಸಿನ ಅಡಿ ಒರೆಸಿಕೊಳ್ಳುತ್ತಿದ್ದ. ದಿನವಿಡೀ ಅವರ ಎದುರಿಗೇ ಕೂತು ಜನರ ನಿಲುವು ಎತ್ತಿಕೊಳ್ಳುವವನು ನಾನು, ಇದು ಎಂದಿನಿಂದ ಹೀಗೆ ಎಂದು ನನಗೆ ಗೊತ್ತಿರಲಿಲ್ಲ. ಬಹುಶಃ ನಾನು ಅವರ ಕಡೆ ನೆಟ್ಟಗೆ ನೋಡುವುದನ್ನೇ ಬಿಟ್ಟಿದ್ದೆ.

"ಅವ್ರೇನಾ ಆ ಚಹಾದವ್ರು?" ಆಕೆಯ ದನಿ ಇಳಿದಿತ್ತು. ಕೊಡೆ ಎತ್ತಿಕೊಂಡು, ನೇಮ್ ಪ್ಲೇಟಿನ ಮಾತೆತ್ತದೆ ಹೋದರು.

ಆಕೆ ಹೋದ ಮೇಲೆ ನಾನು ಭಾಯ್ ಹಿಂದಿನ ಹಲಗೆ ನೋಡಿದೆ. ಮೊಳೆಗಳೆಲ್ಲ ಬರಿದಾಗಿದ್ದವು. ಸ್ಪೇರ್ ಪಾರ್ಟ್ಸ್‌ನವನದು ಇಲ್ಲ, ಅವನ ಪಕ್ಕದವನದು ಇಲ್ಲ, ಗೋಡೌನಿನ ದೊಡ್ಡ ಗೊಂಚಲು ಇಲ್ಲ. ಸಾಲಿನ ಮೊದಲನೇ ಮೊಳೆ ನನ್ನದು. ಅದೂ ಬರಿದು. ಊಟಕ್ಕೆ ಹೋಗುವಾಗಲೂ ನನ್ನ ಬೀಗದ ಕೈ ನನ್ನ ಪ್ಯಾಂಟಿನ ಜೇಬಿನಲ್ಲೇ ಇರುತ್ತಿತ್ತು.

ಎಂದಿನಿಂದ ಅಲ್ಲಿದೆ ಎಂದು ಯೋಚಿಸಿದೆ, ನೆನಪಾಗಲಿಲ್ಲ. ಕದ್ದವನು ಹರಾಜಿನ ಮುದುಕ. ಆ ಮುದುಕನನ್ನು ಹುಟ್ಟಿಸಿದವನು ನಾನು, ಗಂಟೆಯನ್ನೂ ನಾನೇ ಬರೆದದ್ದು, ಕೈಯೂ ನನ್ನದೇ ಕೈ. ನಿಜವಾದ ಗಂಟೆ ಅಂತ ಒಂದು ಈ ಭೂಮಿ ಮೇಲೆ ಇಲ್ಲವೇ ಇಲ್ಲ. ಇಷ್ಟೆಲ್ಲ ಗೊತ್ತಿರುವ ಒಬ್ಬನೇ ಒಬ್ಬ ಮನುಷ್ಯ, ಊಟಕ್ಕೆ ಹೋಗುವಾಗ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡಿದ್ದಾನೆ. ಹಾಗಿದ್ದ ಮೇಲೆ ಬೇರೆಯವರನ್ನು ಏನು ಹೇಳುವುದು?

ರಸ್ತೆ ದಾಟಿ ಹೋದೆ.

"ಭಾಯ್, ಆ ಕಾಮಿಕ್ ತೆಗ್ದಾಕ್ಬಿಡ್ತೀನಿ. ಪೂರ್ತಿ ಡಿಲೀಟ್" ಎಂದೆ.

"ಯಾಕ್ ಪೇಂಟರಣ್ಣ?"

"ನಿಮ್ಗೆ ತೊಂದ್ರೆ ಆಗ್ತಿದೆಯಲ್ಲ. ತೆಗೆದ್ರೆ ಜನ ಮರೀತಾರೆ."

ಅವರು ಕೆಟಲನ್ನು ಸ್ಟೌವಿನ ಮೇಲಿಟ್ಟು ಒದ್ದೆ ಬಟ್ಟೆಯಿಂದ ಹಲಗೆ ಒರೆಸಿದರು. ಎಡಗೈಯಲ್ಲೇ ಒರೆಸಿದರು.

"ಅರೇ, ಜನ ಕಥೆ ಮರೀತಾರೆ ಅಣ್ಣಾ. ಕೈ ಮರಿಯಲ್ಲ. ನೀವು ಮುಗ್ಸಿ. ಕಳ್ಳ ನಾನೇ ಅಂತಿದ್ರೂ ಮುಗ್ಸಿ, ಪರವಾಗಿಲ್ಲ. ಹೌದಂದ್ರೆ ಹೌದು, ಅಲ್ಲಂದ್ರೆ ಅಲ್ಲ. ನನ್ನ ಹಿಂಗೆ ಮಧ್ಯದಲ್ಲಿ ನೇತಾಕ್ಬೇಡಿ."

"ಕಳ್ಳ ಯಾರಂತ ಈಗ್ಲೇ ಹೇಳ್ಲಾ?"

"ಬೇಡ ಬೇಡ!" ಎರಡೂ ಕೈ ಎತ್ತಿ ತಡೆದರು. "ಮಗಳು ಓದಿ ಹೇಳ್ತಾಳೆ. ನೀವ್ ಹೇಳಿದ್ರೆ ಮಜಾ ಹೋಗ್ತದೆ."

ಅವರೂ ನನ್ನ ಓದುಗರು ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಟ್ಯಾಬ್ ಹೊರತೆಗೆದೆ. ಮುಗಿಸುವುದೇನೋ ಸರಿ, ಆದರೆ ಎಡಗೈಗೆ ಏನು ಮಾಡುವುದು? ಓದುಗರು ಹೇಳಿದಂತೆ ಚಹಾದವನನ್ನೇ ಕಳ್ಳ ಮಾಡಿ, ಒಳ್ಳೆಯ ಕಾರಣ ಕೊಟ್ಟು, ಕಣ್ಣೀರು ತರಿಸಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅದು ಆಗದ ಮಾತು. ಇನ್ನೊಂದು ದಾರಿ: ಮುದುಕನಿಗೆ ಎರಡೂ ಕೈ ಆಡುತ್ತದೆ ಎಂದು ಒಂದು ಹಳೇ ಪ್ರಸಂಗ ಹೊಸೆಯುವುದು. ಅದನ್ನು ಬರೆಯಲು ಶುರುವೂ ಮಾಡಿದೆ. ಬಾಲ್ಯದಲ್ಲಿ ಬಲಗೈ ಮುರಿದಿತ್ತು, ಆಗ ಎಡಗೈ ರೂಢಿಯಾಯಿತು, ಹೀಗೆ. ನೋಡಲು ಅಚ್ಚುಕಟ್ಟಾಗಿಯೇ ಇತ್ತು. ನನ್ನ ಮಾನವೂ ಉಳಿಯುತ್ತಿತ್ತು.

ಹೆಂಡತಿ ಹಿಂದೆ ನಿಂತು ನೋಡಿದಳು. "ಯಾರದಿದು ಮುರಿದ ಕೈ?"

ಹೇಳಿದೆ.

"ನೀವ್ ಬಟನ್ ಒತ್ತಿದ್ದಕ್ಕೆ ಆ ಮುದುಕನ ಕೈ ಯಾಕ್ರೀ ಮುರೀತೀರಾ? ಫೋಟೋ ತೆಗೆದೋಳು ನಾನು. ಅದು ಬಲಗೈ. ಫೋಟೋನೇ ಹಾಕಿ."

"ಜನ ನಗ್ತಾರೆ ಕಣೇ."

"ನಗ್ಲಿ. ಭಾಯ್ ಮೇಲೆ ನಗೋದಕ್ಕಿಂತ ನಿಮ್ ಮೇಲೆ ನಗ್ಲಿ."

ಕೊನೆಯ ಕಂತಿನ ಮೊದಲ ಚೌಕದಲ್ಲಿ ಆ ಫೋಟೋ ಹಾಕಿದೆ. ಮಹಡಿಯ ಬಟ್ಟೆ ಹಗ್ಗ, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಕೂತಿರುವ ನನ್ನ ಬಲಗೈ. ಅದರ ಕೆಳಗೆ, ತಿರುಗಿಸಿದ ಹಳೆಯ ಚೌಕ. ಅದರ ಕೆಳಗೆ ಬರೆದೆ: "ಈ ಕೈ ಬಲಗೈ. ನಿಮ್ಮ ಹೆಬ್ಬೆರಳಿಗೆ ಮುಚ್ಚಿಹೋಗುತ್ತದೆಂದು ನಾನು ತಿರುಗಿಸಿ ಹಾಕಿದೆ. ಎಡಗೈ ಸುಳಿವಲ್ಲ, ನನ್ನ ತಪ್ಪು. ಆಮೇಲೆ ಸದ್ದಿಲ್ಲದೆ ತಿದ್ದಿದ್ದೂ ತಪ್ಪು. ಈಗ ಕಥೆ." ಇಷ್ಟು ಬರೆಯಲು ಎಷ್ಟು ಸಲ ಅಳಿಸಿದೆನೆಂದರೆ, ಗಾಜಿನ ಮೇಲಾಗಿದ್ದರೆ ಗಾಜೇ ಸವೆದುಹೋಗುತ್ತಿತ್ತು.

ಆಮೇಲಿನದು ಸಲೀಸಾಗಿ ಬಂತು. ಮುದುಕ, ಅವನ ಮನೆಯ ಟ್ರಂಕು, ಹಳೇ ಪಂಚೆಯಲ್ಲಿ ಸುತ್ತಿಟ್ಟ ಗಂಟೆ. ಅದನ್ನು ತಾನೇ ಹೊತ್ತು ತಂದು, ಎಲ್ಲರೆದುರು ಕಟ್ಟಿ, ಬಾರಿಸುತ್ತಾನೆ. ನಾನು ಮೊದಲು ಅಂದುಕೊಂಡಿದ್ದ ಕೊನೆ ಅಲ್ಲಿಗೆ ನಿಲ್ಲುತ್ತಿತ್ತು. ಈಗ ನಿಲ್ಲಿಸಲಿಲ್ಲ. ಉಳಿದ ನಾಲ್ವರಿಗೂ ಒಬ್ಬೊಬ್ಬರಿಗೆ ಒಂದೊಂದು ಪೂರ್ತಿ ಚೌಕ ಕೊಟ್ಟೆ. ಯಾವ ಹೆಬ್ಬೆರಳಿಗೂ ಮುಚ್ಚದಂತೆ ನಟ್ಟನಡುವೆ ಕೂರಿಸಿದೆ. ವಾಚ್‌ಮನ್ ಗೇಟು ತೆಗೆಯುತ್ತಾನೆ, ಡ್ರೈವರ್ ಟೈರಿಗೆ ಒದ್ದು ಗಾಳಿ ನೋಡುತ್ತಾನೆ, ಗುಮಾಸ್ತ ಕನ್ನಡಕ ಒರೆಸುತ್ತಾನೆ. 'ಇವನು ಕದ್ದಿಲ್ಲ' ಎಂದು ಯಾರ ಕೆಳಗೂ ಬರೆಯಲಿಲ್ಲ. ಕಡೆಯ ಚೌಕ ಚಹಾದವನದು. ಎಡಗೈ ಮೇಲೆತ್ತಿ, ಒಂದು ಮೊಳ ಎತ್ತರದಿಂದ ಸುರಿಯುತ್ತಿದ್ದಾನೆ. ಅದನ್ನು ಹಾಕುವ ಮುಂಚೆ ನನ್ನದೇ ಎರಡೂ ಕೈ ಮುಂದೆ ಹಿಡಿದುಕೊಂಡು, ಯಾವುದು ಎಡ ಯಾವುದು ಬಲ ಎಂದು ಚಿಕ್ಕ ಮಕ್ಕಳ ಹಾಗೆ ನೋಡಿ ಖಚಿತ ಮಾಡಿಕೊಂಡೆ.

ನಗುವವರು ನಕ್ಕರು. ಕೆಲವರು ನಂಬಲೇ ಇಲ್ಲ. ಚಹಾದವನನ್ನು ಉಳಿಸಲು ಫೋಟೋ ಈಗ ತೆಗೆಸಿದ್ದಾನೆ, ಕಥೆ ತಿರುಚಿದ್ದಾನೆ ಎಂದು ಬರೆದರು. ಅವರಿಗೆ ಉತ್ತರಿಸಲಿಲ್ಲ. ಒಮ್ಮೆ ಕದ್ದು ತಿದ್ದಿದವನ ಮಾತು ನಂಬದಿದ್ದರೆ ಅದು ಅವರ ತಪ್ಪಲ್ಲ. ಸಹಕಾರನಗರದವರು ಈ ಸಲ ಕಾಮೆಂಟಿನಲ್ಲಿ ಕೊನೆಗೆ ಬಂದರು: "ಕೊನೆ ನಾನು ಅಂದುಕೊಂಡಷ್ಟು ಚೆನ್ನಾಗಿಲ್ಲ. ಆದರೆ ಮುಗಿದಿದೆ. ನಾಲ್ಕೂ ಜನರನ್ನು ಬಿಟ್ಟುಬಿಟ್ಟೆ."

ಮರುದಿನ ಊಟಕ್ಕೆ ಹೊರಟಾಗ ಬೀಗ ಹಾಕಿ, ರಸ್ತೆ ದಾಟಿ, ಬೀಗದ ಕೈಯನ್ನು ಭಾಯ್ ಮುಂದೆ ಹಿಡಿದೆ. ಅವರು ಒಂದು ಗಳಿಗೆ ಅದನ್ನು ನೋಡಿದರು. ತೆಗೆದುಕೊಂಡು ಮೊದಲನೇ ಮೊಳೆಗೆ ನೇತುಹಾಕಿದರು.

"ಓದಿದ್ಲಾ ಮಗಳು?" ಎಂದು ಕೇಳಿದೆ.

"ಓದಿದ್ಲು. ಮೊದಲ್ನೇ ಕಂತಿಂದ್ಲೂ ನಂಗೆ ಆ ಮುದುಕನ ಮೇಲೇ ಡೌಟು ಅಣ್ಣಾ" ಎಂದರು. ಕೆಟಲನ್ನು ಎತ್ತಿ, ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು, ಮೇಲಿನಿಂದ ಸುರಿದರು. ಹಲಗೆಯ ಮೇಲೆ ಒಂದು ಹನಿ ಬೀಳಲಿಲ್ಲ.

ಈಗ ಆ ಮೊಳೆಗಳು ಒಂದೊಂದಾಗಿ ತುಂಬಿವೆ. ಗೋಡೌನಿನ ಗೊಂಚಲೂ ಬಂದಿದೆ. ಸುಣ್ಣದ ಮಾತನ್ನು ಯಜಮಾನರು ಮತ್ತೆ ಎತ್ತಿಲ್ಲ. ಸ್ಪೇರ್ ಪಾರ್ಟ್ಸ್‌ನವನ ಮೊಳೆ ಮಾತ್ರ ಇನ್ನೂ ಬರಿದಾಗಿಯೇ ಇದೆ. ಕೊನೆ ಓದಿಲ್ವಾ ಎಂದು ನಾನೇ ಹೋಗಿ ಕೇಳಿದೆ. ಅವನು ಆ ಕಾಮಿಕ್ಕನ್ನು ಮೊದಲಿನಿಂದಲೂ ಓದಿಯೇ ಇಲ್ಲವಂತೆ, ಜನ ಮಾತಾಡುವುದನ್ನು ಕೇಳಿದ್ದನಂತೆ ಅಷ್ಟೇ.